ಮೊದಲು ಅಡ್ರಿನಲಿನ್, ಉಳಿದದ್ದು ಆಮೇಲೆ

ನಾನಿರುವ ಇಂಗ್ಲೆಂಡಿನಲ್ಲಿ 2017ರ ಅಕ್ಟೋಬರಿನಿಂದ ಶಾಲೆಗಳು ವೈದ್ಯರ ಚೀಟಿ ಇಲ್ಲದೆಯೇ ಅಡ್ರಿನಲಿನ್ ಪೆನ್ ಕೊಂಡಿಟ್ಟುಕೊಳ್ಳಬಹುದು. ಅಲರ್ಜಿ ಜೀವಕ್ಕೇ ಎರವಾಗುವಷ್ಟು ಜೋರಾದಾಗ (ಅನಾಫಿಲಾಕ್ಸಿಸ್) ಮೊದಲು ಕೊಡಬೇಕಾದ ಔಷಧಿ ಅಡ್ರಿನಲಿನ್; ಪೆನ್ ಎಂದರೆ ಅದನ್ನು ತುಂಬಿಟ್ಟ ಸಿದ್ಧ ಇಂಜೆಕ್ಷನ್. ನನ್ನ ಮಗಳ ಶಾಲೆಯಲ್ಲಿ ಊಟ ಬಡಿಸುವವರಿಗೂ ಅದರ ತರಬೇತಿ ಆಗಿದೆ. ಸೂಜಿಯಿಲ್ಲದ ಪೆನ್ ಕೈಗೆ ಕೊಟ್ಟು, ‘ನೀಲಿ ತುದಿ ಆಕಾಶಕ್ಕೆ, ಕಿತ್ತಳೆ ತುದಿ ತೊಡೆಗೆ’ ಎಂದು ಬಾಯಿಪಾಠ ಮಾಡಿಸುತ್ತಾರೆ. ತೊಡೆಯ ಹೊರಬದಿಗೆ, ಬಟ್ಟೆಯ ಮೇಲಿಂದಲೇ ಒತ್ತಿ ಹಿಡಿಯಬೇಕು. ಮಗುವನ್ನು ಮಲಗಿಸಿ ಕಾಲು ಎತ್ತರಿಸಬೇಕು. ಉಸಿರು ಕಟ್ಟುತ್ತಿದ್ದರೆ ಕೂರಿಸಬಹುದು, ಎಬ್ಬಿಸಿ ನಡೆಸಕೂಡದು.

ಇನ್ನು ನಮ್ಮ ಮಲೆನಾಡು. ಸೋದರಮಾವನಿಗೆ ತೋಟದಲ್ಲಿ ಕಡಜ ಕಚ್ಚಿತು. ಮೈಯೆಲ್ಲ ದದ್ದು, ತುಟಿ ಊದಿ, ತಲೆಸುತ್ತಿ ಕುಸಿದರು. ಬೈಕಿನ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ದರು. ಅಲ್ಲಿ ‘ಅಲರ್ಜಿ ಇಂಜೆಕ್ಷನ್’ ಕೊಟ್ಟರು, ಅಂದರೆ ಅವಿಲ್, ಜೊತೆಗೆ ಒಂದು ಸ್ಟೀರಾಯ್ಡ್. ಬಿ.ಪಿ. ಏಳಲಿಲ್ಲ. ಪೇಟೆಯ ಆಸ್ಪತ್ರೆ ಮುಟ್ಟಿದ ಮೇಲೆಯೇ ಅಡ್ರಿನಲಿನ್ ಸಿಕ್ಕಿದ್ದು. ಮಾವ ಉಳಿದರು. ಆದರೆ ಆ ಹೊತ್ತು ಕಳೆಯಬೇಕಾಗಿರಲಿಲ್ಲ.

ಬ್ರಿಟನ್ನಿನ ವೈದ್ಯ ರಿಚರ್ಡ್ ಪಂಫ್ರಿ ಇಂಥ ಸಾವುಗಳ ದಾಖಲೆಗಳನ್ನು ಕೂಡಿಸಿ 2000ದಲ್ಲಿ ಪ್ರಕಟಿಸಿದರು. ಉಸಿರು ಅಥವಾ ಹೃದಯ ನಿಲ್ಲುವವರೆಗಿನ ಸಮಯದ ಮಧ್ಯಾಂಕ (ಅರ್ಧದಷ್ಟು ಜನರಲ್ಲಿ ಇದಕ್ಕೂ ಬೇಗ) ಆಹಾರದ ಅಲರ್ಜಿಯಲ್ಲಿ 30 ನಿಮಿಷ, ಹುಳದ ಕಡಿತದಲ್ಲಿ 15, ಆಸ್ಪತ್ರೆಯಲ್ಲಿ ಕೊಟ್ಟ ಔಷಧಿಯಿಂದಾದರೆ ಬರೀ 5. ಅವಿಲ್ ತುರಿಕೆ ಇಳಿಸುತ್ತದೆ. ಬಿದ್ದುಹೋದ ರಕ್ತದೊತ್ತಡವನ್ನು ಎತ್ತುವುದಿಲ್ಲ, ಮುಚ್ಚುತ್ತಿರುವ ಗಂಟಲನ್ನು ಬಿಡಿಸುವುದಿಲ್ಲ. ಸ್ಟೀರಾಯ್ಡ್ ಕೆಲಸ ಶುರುಮಾಡಲು ಗಂಟೆಗಳೇ ಬೇಕು. 2021ರ ಬ್ರಿಟಿಷ್ ಮಾರ್ಗಸೂಚಿ ಇವೆರಡನ್ನೂ ಮೊದಲ ಚಿಕಿತ್ಸೆಯಿಂದ ಕೈಬಿಟ್ಟಿದೆ.

ಇಂಗ್ಲೆಂಡಿನ ಎಚ್ಚರವೂ ಸುಮ್ಮನೆ ಬಂದದ್ದಲ್ಲ. ನತಾಶಾ ಎಂಬ 15ರ ಹುಡುಗಿ 2016ರಲ್ಲಿ, ಎಳ್ಳಿದೆ ಎಂದು ಲೇಬಲ್ ಮೇಲೆ ಬರೆಯದ ಬ್ರೆಡ್ ತಿಂದು ತೀರಿಕೊಂಡಳು. ಆಹಾರದ ಲೇಬಲ್ ಕುರಿತ, ಅವಳ ಹೆಸರಿನ ಕಾನೂನು ಜಾರಿಯಾದದ್ದು 2021ರಲ್ಲಿ.

ನಮ್ಮಲ್ಲಿ ಔಷಧಿಗೆ ಬರವಿಲ್ಲ. ಪೆನ್ ಸಿಗುವುದು ಕಷ್ಟ, ನಿಜ. ಆದರೆ ಅಡ್ರಿನಲಿನ್ ಆಂಪೂಲ್ (ಔಷಧಿಯ ಪುಟ್ಟ ಗಾಜಿನ ಶೀಶೆ) ಒಂದು ಮಸಾಲೆದೋಸೆಗಿಂತ ಅಗ್ಗ. ಅಡ್ಡಬರುವುದು ‘ಹೃದಯಕ್ಕೆ ಏನಾದರೂ ಆದರೆ?’ ಎಂಬ ಹೆದರಿಕೆ. ದೊಡ್ಡವರಿಗೆ ಅರ್ಧ ಮಿಲಿಗ್ರಾಂ, ರಕ್ತನಾಳಕ್ಕಲ್ಲ, ತೊಡೆಯ ಸ್ನಾಯುವಿಗೆ ಕೊಡುವಾಗ ಆ ಅಪಾಯ ತೀರಾ ಕಡಿಮೆ; ತಡಮಾಡುವುದೇ ಹೆಚ್ಚು ಅಪಾಯ. ಲಸಿಕೆ ಹಾಕಿದಾಗ ಹೀಗಾದರೆ ಒಂದು ಡೋಸ್ ಕೊಡಲು ಹಳ್ಳಿಗಳಲ್ಲಿ ಲಸಿಕೆ ಹಾಕುವ ನಮ್ಮ ಎ.ಎನ್.ಎಂ. ಸಿಸ್ಟರ್‌ಗಳಿಗೇ ಅನುಮತಿಯಿದೆ. ಲಸಿಕೆಯ ದಿನ ಅವರನ್ನು ನಂಬುವ ವ್ಯವಸ್ಥೆ ಕಡಜ ಕಚ್ಚಿದ ದಿನ ಯಾಕೆ ನಂಬಬಾರದು?

‘ಅಲರ್ಜಿ ಎಲ್ಲ ಫಾರಿನ್ನವರ ಕಾಯಿಲೆ, ಸ್ವಲ್ಪ ತಿಂದ್ರೆ ಏನಾಗಲ್ಲ’ ಎನ್ನುವ ಮಾತನ್ನು ಊರಿನ ಪಂಕ್ತಿಯಲ್ಲಿ ಪ್ರೀತಿಯಿಂದಲೇ ಹೇಳುತ್ತಾರೆ. ದಯವಿಟ್ಟು ಬೇಡ. ಬೆಂಗಳೂರು, ಮೈಸೂರು ಭಾಗದ ವಯಸ್ಕರ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಶೇ. 1ರಷ್ಟು ಜನರಿಗೆ ಆಹಾರದ ಅಲರ್ಜಿ ಇರುವ ಸಂಭವ ಕಂಡಿದೆ.

ಮಲೆನಾಡಿನ ಪ್ರತಿ ಪಿ.ಎಚ್.ಸಿ.ಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ) ಆಂಪೂಲ್, ಸಿರಿಂಜ್, ಡೋಸ್ ಬರೆದ ಚೀಟಿ ಒಂದೇ ಡಬ್ಬಿಯಲ್ಲಿ ಕೈಗೆ ಸಿಗುವಂತಿರಲಿ. ಒಮ್ಮೆ ಹೀಗಾದವರ ಮನೆಯವರಿಗೆ ವೈದ್ಯರೇ ಇಂಜೆಕ್ಷನ್ ಕೊಡುವುದನ್ನು ಕಲಿಸಲಿ. ಅಡಿಕೆ ಕೊಯ್ಲಿಗೆ ಮುಂಚೆಯೇ ಇದಾಗಲಿ.