ಜಿಂಕೆ ಬೇಟೆಗೆ ‘ಒಳ್ಳೆಯ ಹೊತ್ತು’: ಒಂದು ಸ್ಪಷ್ಟನೆ

‘ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು, ಸೂರ್ಯಾಸ್ತದ ನಂತರ ಅರ್ಧ ಗಂಟೆ ಜಿಂಕೆ ಬೇಟೆಗೆ ಅತ್ಯುತ್ತಮ ಸಮಯ, ತೋಟಕ್ಕೆ ನುಗ್ಗಿದರೆ ಕೋವಿ ಪರವಾನಗಿ ಇದ್ದವರು ಹೊಡೆಯಬಹುದು’ ಎಂಬ ಸಂದೇಶ ಕಾರ್ಕಳ, ಹೆಬ್ರಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದನ್ನು ನಂಬಿ ಯಾರೂ ಕಾಡಿಗೆ ಹೋಗಬೇಡಿ.

ಜಿಂಕೆ, ಕಡವೆಗಳು ಮುಂಜಾನೆ ಮತ್ತು ಮುಸ್ಸಂಜೆ ಹೆಚ್ಚು ಓಡಾಡುವುದು ನಿಜ. ಬಿಸಿಲೇರಿದರೆ ನೆರಳಿನಲ್ಲಿ ಮೆಲುಕು ಹಾಕುತ್ತವೆ. ಆದರೆ ಆ ಅರ್ಧ ಗಂಟೆಯ ಲೆಕ್ಕ ಅಮೆರಿಕದ ಅನೇಕ ರಾಜ್ಯಗಳ ಬೇಟೆ ನಿಯಮದ್ದು. ಅಲ್ಲಿ ಪರವಾನಗಿ ಇದೆ, ನಿಗದಿತ ಋತುವಿದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ, ಕಡವೆ, ಕಾಡುಕುರಿಗಳ ಬೇಟೆ ಯಾವ ಹೊತ್ತಿನಲ್ಲಿಯೂ ಅಪರಾಧ. ಉರುಳು ಹಾಕುವುದು, ಬೇಟೆಗೆ ಯತ್ನಿಸುವುದು ಕೂಡ ಬೇಟೆಯೇ. ಮಾಂಸ ಇಟ್ಟುಕೊಂಡವರೂ ಸಿಕ್ಕಿಬೀಳುತ್ತಾರೆ. ಕಾಯ್ದೆಯ ಮೊದಲ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪಟ್ಟಿಯ ಪ್ರಾಣಿಯಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಮನೆಯ ದುಡಿಯುವ ಮಗ ಒಂದು ಸುಳ್ಳು ಸಂದೇಶಕ್ಕಾಗಿ ಸೆರೆ ಸೇರುವುದನ್ನು ನೆನೆದರೆ ಸಂಕಟವಾಗುತ್ತದೆ.

ಕೋವಿಯ ಮಾತು ಇನ್ನೂ ಅಪಾಯಕಾರಿ. ಬೆಳೆ ರಕ್ಷಣೆಗೆ ಕೊಟ್ಟ ಪರವಾನಗಿ ಕೋವಿ ಇಟ್ಟುಕೊಳ್ಳಲು ಮಾತ್ರ, ಜಿಂಕೆ ಕೊಲ್ಲಲು ಅಲ್ಲ. ಅದಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ನೀಡಿದ ಅಧಿಕಾರಿಯ ಲಿಖಿತ ಆದೇಶ ಬೇಕು. ಕೃಷಿಕರ ನಷ್ಟ ಸಣ್ಣದಲ್ಲ. ಒಂದೇ ರಾತ್ರಿಯಲ್ಲಿ ಗದ್ದೆ ಬರಿದಾದ ನೋವು ನನಗೂ ಅರ್ಥವಾಗುತ್ತದೆ. ಹಾನಿಯಾದ ಬೆಳೆಯ ಚಿತ್ರ ತೆಗೆದು, ಪಹಣಿಯೊಂದಿಗೆ ವಲಯ ಅರಣ್ಯಾಧಿಕಾರಿ ಕಚೇರಿಗೆ ತಡಮಾಡದೆ ಪರಿಹಾರದ ಅರ್ಜಿ ಕೊಡಿ.