ಒಪೊಸಮ್ ಬಾಲದಿಂದ ಜೋತುಬಿದ್ದು ಮಲಗುತ್ತದಾ?

ಕೊಂಬೆಗೆ ಬಾಲ ಸುತ್ತಿ ತಲೆಕೆಳಗಾಗಿ ನಿದ್ದೆ ಹೊಡೆಯುವ ‘ದೈತ್ಯ ಇಲಿ’ಯ ಚಿತ್ರ ಆಗಾಗ ಫಾರ್ವರ್ಡ್ ಆಗುತ್ತದೆ. ಎರಡೂ ಸುಳ್ಳು. ಅದು ಒಪೊಸಮ್, ಇಲಿಯಲ್ಲ. ಕಾಂಗರೂ ಥರ ಹೊಟ್ಟೆಚೀಲದ ಪ್ರಾಣಿ. ಬಸಿರು ಎರಡೇ ವಾರ. ಹುಟ್ಟಿದ ಮರಿ ಜೇನುಹುಳದಷ್ಟು. ಕಣ್ಣು ಬಿಡುವ ಮೊದಲೇ ತಾಯಿಯ ಕೂದಲು ಹಿಡಿದು ತೆವಳುತ್ತಾ ಚೀಲ ಸೇರಿ, ಮೊಲೆತೊಟ್ಟು ಕಚ್ಚಿಕೊಳ್ಳುತ್ತದೆ. ಪುಟ್ಟ ಜಾತಿಗಳಲ್ಲಿ ಎಷ್ಟಕ್ಕೋ ಚೀಲವೇ ಇಲ್ಲ, ಮರಿಗಳು ಸುಮ್ನೆ ಅಂಟಿಕೊಂಡಿರುತ್ತವೆ!

ಒಟ್ಟು 100ಕ್ಕೂ ಜಾಸ್ತಿ ಜಾತಿಗಳು, ಬಹುತೇಕ ಮಧ್ಯ ಮತ್ತು ದಕ್ಷಿಣ ಅಮೆರಿಕದಲ್ಲಿವೆ. ಅದರಲ್ಲಿ ‘ಸಾಮಾನ್ಯ ಒಪೊಸಮ್’ ಅನ್ನೋ ಜಾತಿ ಮೆಕ್ಸಿಕೋದಿಂದ ಬ್ರೆಜಿಲ್, ಬೊಲಿವಿಯಾವರೆಗೂ ಸಿಗುತ್ತದೆ.

ಬಾಲದ ವಿಷಯಕ್ಕೆ ಬಂದರೆ, ಹತ್ತುವಾಗ ಅದು ಹಿಡಿತಕ್ಕೆ ಬೇಕು. ಆದರೆ ಬೆಳೆದ ಒಪೊಸಮ್ ತನ್ನ ಮೈಭಾರವನ್ನೆಲ್ಲ ಬಾಲದ ಮೇಲೆ ಬಿಟ್ಟು ಗಂಟೆಗಟ್ಟಲೆ ನೇತಾಡಲಾರದು. ಒಣ ಎಲೆಗಳನ್ನು ಬಾಲದಲ್ಲಿ ಸುತ್ತಿಕೊಂಡು ಗೂಡಿಗೆ ಸಾಗಿಸುತ್ತದೆ. ಹಗಲಲ್ಲಿ ಮರದ ಪೊಟರೆಯಲ್ಲಿ, ಆ ಎಲೆಗಳ ಮೇಲೇ ಮಲಗುತ್ತದೆ.