ಸತ್ಯಾಂಶ: ಟಯರ್ ಬದಲಿಸಿದರೆ ಬೈಕ್ ಹಾರುತ್ತಾ?

ಮಣ್ಣಿನ ದಿಬ್ಬದಿಂದ ಬೈಕ್ ಹಾರುವ ವಿಡಿಯೊ ಕಲಬುರಗಿಯ ವಾಟ್ಸ್‌ಆ್ಯಪ್ ಗುಂಪುಗಳಿಗೆ ಆಗಾಗ ಬರುತ್ತಲೇ ಇರುತ್ತದೆ. ಆಫ್‌ರೋಡ್ ಟಯರ್ ಹಾಕಿಸಿದರೆ ನಿಮ್ಮ ಬೈಕೂ ಹೀಗೇ ಹಾರುತ್ತದೆ ಅನ್ನೋದು ಅದರ ಸಾರ. ಇದು ತಪ್ಪು. ಆದರೂ ನಂಬಿಕೆ ಬರುವುದು ಸಹಜ. ಕಣ್ಣಿಗೆ ಮೊದಲು ಬೀಳುವುದು ಟಯರೇ ಅಲ್ವಾ?

ವಿಡಿಯೊದಲ್ಲಿರುವುದು ಮೋಟೊಕ್ರಾಸ್ ಬೈಕ್. ಮಣ್ಣಿನ ಟ್ರ್ಯಾಕಿನ ರೇಸಿಗಾಗಿಯೇ ಮಾಡಿದ್ದು. ಇಂಥ ದೊಡ್ಡ ಬೈಕಿನ ತೂಕ ಸುಮಾರು 110 ಕಿಲೊ, ಸಸ್ಪೆನ್ಷನ್ (ಪೆಟ್ಟು ತಾಳುವ ಸ್ಪ್ರಿಂಗ್ ವ್ಯವಸ್ಥೆ) ಸುಮಾರು 300 ಮಿಲಿಮೀಟರ್ ಕುಗ್ಗುತ್ತದೆ. ನಾವು ದಿನಾ ಸೂಪರ್ ಮಾರ್ಕೆಟ್‌ಗೆ ಓಡಿಸುವ ಬೈಕಿನ ಸಸ್ಪೆನ್ಷನ್ ಇದರ ಅರ್ಧದಷ್ಟೂ ಕುಗ್ಗೋದಿಲ್ಲ.

ಟ್ರ್ಯಾಕನ್ನೂ ಗಮನಿಸಿ. ದಿಬ್ಬದ ಆಚೆ ಇಳಿಜಾರು ಇರುತ್ತದೆ. ಚಕ್ರ ಅದರ ಮೇಲೆ ಇಳಿದು, ಹಾಗೇ ಉರುಳಿಕೊಂಡು ಮುಂದೆ ಹೋಗುತ್ತದೆ. ಶಹಾಬಾದ್ ಕಡೆಯ ಕಲ್ಲುಗಣಿಯ ಗುಡ್ಡೆಯಿಂದ ಹಾರಿ ಗಟ್ಟಿ ನೆಲಕ್ಕೆ ಬಿದ್ದರೆ ಆ ಪೆಟ್ಟೆಲ್ಲ ಮುಂದಿನ ಚಕ್ರ ಹಿಡಿದಿರುವ ಫೋರ್ಕಿಗೆ, ಮಣಿಕಟ್ಟಿಗೆ, ಬೆನ್ನಿಗೆ. ನಮ್ಮ ಹುಡುಗರ ಬಗ್ಗೆ ನನಗಿರುವ ಭಯ ಇದೇ.

ನೀವೇ ಚೆಕ್ ಮಾಡಬಹುದು. ವಿಡಿಯೊ ನಿಲ್ಲಿಸಿ ನೋಡಿ: ಹೆಡ್‌ಲೈಟ್, ಇಂಡಿಕೇಟರ್, ಕನ್ನಡಿ ಇವೆಯಾ? ಮೋಟೊಕ್ರಾಸ್ ಬೈಕಿಗೆ ಇರೋದಿಲ್ಲ. ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿದರೆ ಮಾಡೆಲ್ ಯಾವುದು ಅಂತ ಹೆಚ್ಚಾಗಿ ಸಿಗುತ್ತದೆ. ಆಮೇಲೆ ಕಂಪನಿಯ ವೆಬ್‌ಸೈಟಿನಲ್ಲಿ ‘ಸಸ್ಪೆನ್ಷನ್ ಟ್ರಾವೆಲ್’ (ಅದು ಕುಗ್ಗುವ ದೂರ) ಎಷ್ಟಿದೆ ನೋಡಿ, ನಿಮ್ಮ ಬೈಕಿನದರ ಜೊತೆ ಹೋಲಿಸಿ. ನಿಮ್ಮ ಬೈಕನ್ನೇ ಮಾರ್ಪಾಡು ಮಾಡಿಸುವ ಯೋಚನೆ ಇದ್ದರೆ, ವಾಹನ ಮಾರ್ಪಾಡಿನ ಬಗ್ಗೆ ಹೇಳುವ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಮ್ಮೆ ಓದಿ.